ಎರಡು ಏಟಿನ ಬಿಡುವು

“ಎರಡಕ್ಕೂ ಹೊಟ್ಟೆ ಪೊಳ್ಳು ಅಕ್ಕ, ಹೆಗಲಿಗೆ ಭಾರ ಅನ್ಸಲ್ಲ,” ಎನ್ನುತ್ತಾ ಅಂಗಡಿಯವನು ಎರಡು ಬೇಸ್ ಗಿಟಾರುಗಳನ್ನು ಗಾಜಿನ ಕಟ್ಟೆಯ ಮೇಲೆ ಮಲಗಿಸಿದ. ಒಂದು ಕಪ್ಪು, ಒಂದು ಕೆಂಪು.

“ಹೊಟ್ಟೆ ಪೊಳ್ಳಾದ್ರೆ ಪರವಾಗಿಲ್ಲಪ್ಪ, ದನಿ ಪೊಳ್ಳಾಗಬಾರದು,” ಎಂದಳು ತಾಯಿ. ಮಗಳು ಪಕ್ಕದಲ್ಲಿ ನಿಂತು ನಕ್ಕಂತೆ ಮಾಡಿದಳು.

ಸಾಮಾನ್ಯ ಗಿಟಾರಿನ ಕತ್ತಿನ ಮೇಲೆ ಇರುವ ಲೋಹದ ಅಡ್ಡಪಟ್ಟಿಗಳು ಎರಡರಲ್ಲೂ ಇರಲಿಲ್ಲ. ಬೆರಳು ಎಲ್ಲಿ ಕೂತರೆ ಅಲ್ಲೇ ಸ್ವರ, ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ. ಕಪ್ಪು ಗಿಟಾರಿನ ಕತ್ತು ಒರೆಸಿಟ್ಟ ಸ್ಲೇಟಿನಂತೆ ಬೋಳಾಗಿತ್ತು. ಕೆಂಪಿನದರ ಮೇಲೆ ಮಾತ್ರ, ಪಟ್ಟಿಗಳಿರಬೇಕಾದ ಕಡೆ ತೆಳ್ಳಗಿನ ಬಿಳಿ ಗೆರೆಗಳಿದ್ದವು. ತಾಯಿ ಅದನ್ನು ಕಂಡು ಮೂಗು ಮುರಿದಳು. “ಗೆರೆ ನೋಡ್ಕೊಂಡು ಬಾರಿಸೋಕೆ ಇದೇನು ಕಾಪಿ ಬರೆಯೋ ಪುಸ್ತಕನಾ?”

ಹೋಟೆಲೊಂದರ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ನುಡಿಸುವ ಬ್ಯಾಂಡಿನಲ್ಲಿ ತಾಯಿ ಇಪ್ಪತ್ತಾರು ವರ್ಷದಿಂದ ಹಾಡಿಗೆ ತಳದನಿ ಕೊಡುವ ಬೇಸ್ ನುಡಿಸುತ್ತಿದ್ದಳು. ಮೂರು ವಾರದಿಂದ ಮನೆಯಲ್ಲೇ ಇದ್ದಳು. ಹಾಲ್‌ಗೆ ಬಣ್ಣ ಬಳಿಯುತ್ತಿದ್ದಾರೆ ಎಂದು ಬ್ಯಾಂಡಿನ ಯಜಮಾನ, ಕೀಬೋರ್ಡಿನವನು, ಹೇಳಿಕಳಿಸಿದ್ದ. ಹಾಲ್ ತೆರೆಯುವಷ್ಟರಲ್ಲಿ ತನಗೊಂದು ಹೊಸ ವಾದ್ಯ ಕೊಳ್ಳೋಣ ಎಂದು ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಬಣ್ಣವೂ ಇರಲಿಲ್ಲ, ಸುಣ್ಣವೂ ಇರಲಿಲ್ಲ. ಆ ಮೂರು ಶನಿವಾರ ಅವನೇ ಕೀಬೋರ್ಡಿನ ಮೇಲೆ ಎಡಗೈಯಲ್ಲಿ ಬೇಸು ಸಂಭಾಳಿಸಿದ್ದ. ಮಂಗಳವಾರಗಳಂದು ಮಗಳನ್ನು ಕರೆಸಿ ಅಭ್ಯಾಸ ಮಾಡಿಸಿದ್ದ. ಬರುವ ಶನಿವಾರದಿಂದ ತಾಯಿಯ ಜಾಗ ಮಗಳದು. ಅಮ್ಮನಿಗೆ ನಾನೇ ಹೇಳುತ್ತೇನೆ ಎಂದಿದ್ದವನು ಕೊನೆಗೆ, “ನಿಮ್ಮನೆ ವಿಷಯ, ನೀನೇ ಹೇಳಿಬಿಡು,” ಎಂದು ಕೈ ತೊಳೆದುಕೊಂಡಿದ್ದ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡ ಮಗಳಿಗೆ ಬಸ್ಸಿನಲ್ಲಿ ಬಾಯಿ ಬರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೂ ಬರಲಿಲ್ಲ.

ತಾಯಿ ಸ್ಟೂಲಿನ ಮೇಲೆ ಕೂತು ಕಪ್ಪನ್ನು ತೊಡೆಯ ಮೇಲೆ ಎಳೆದುಕೊಂಡಳು. ದಪ್ಪ ದನಿ, ಹಿಂದಿನ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗುತ್ತಿರುವ ಹಾಗೆ. ಕೆಳಗಿನ ಸ್ವರಗಳು ಗಿಟಾರಿನ ಹೊಟ್ಟೆಯೊಳಗೆ ಒಂದು ಸುತ್ತು ಸುತ್ತಿ ನಿಧಾನಕ್ಕೆ ಹೊರಬಿದ್ದವು. ಮೇಲಕ್ಕೆ ಹೋದಾಗ ಉಂಗುರದ ಬೆರಳು ಗುರಿಗಿಂತ ಒಂದಿಷ್ಟು ಹಿಂದೆಯೇ ನಿಂತಿತು. ಸ್ವರ ಇಳಿಯಿತು.

“ಇದು ಮೇಲೆ ಸ್ವಲ್ಪ ಇಳಿಯುತ್ತೆ,” ಎಂದಳು.

“ಹೊಸ ತಂತಿ ಅಲ್ವಾ ಅಕ್ಕ,” ಎಂದು ಅಂಗಡಿಯವನು ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದ.

ಅವಳು ಕೆಂಪನ್ನು ತೆಗೆದುಕೊಂಡಳು. ಚುರುಕು ದನಿ, ಸ್ವಲ್ಪ ಮೂಗಿನಲ್ಲಿ ಮಾತಾಡುವಂಥದ್ದು. ಮೇಲೆ ಅದೂ ಅಷ್ಟೇ ಇಳಿಯಿತು. ಈ ಸಲ ಅವಳು ತಂತಿಯನ್ನು ದೂರಲಿಲ್ಲ. ಕೆಂಪನ್ನು ಕಟ್ಟೆಯ ಮೇಲಿಟ್ಟು, “ನೀನು ಬಾರಿಸು. ನಾನು ದೂರ ನಿಂತು ಕೇಳ್ತೀನಿ,” ಎಂದು ಬಾಗಿಲ ಬಳಿ ಹೋಗಿ ನಿಂತಳು.

ಮಗಳು ಕೂತು ಕಪ್ಪನ್ನೆತ್ತಿಕೊಂಡು ನಾಲ್ಕಾರು ಸ್ವರ ತಟ್ಟಿದಳು. ಮೇಲಿನ ಸ್ವರ ಸರಿಯಾಗಿ ಬಂದು ಕೂತಿತು. ವಾದ್ಯ ಎಷ್ಟು ಚೆನ್ನಾಗಿತ್ತೆಂದರೆ ಅವಳು ಮೈಮರೆತಳು. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳುತ್ತಾ ಬಂದ ಅಮ್ಮನದೇ ಒಂದು ಹಾಡಿನ ಓಟವನ್ನು ಕೈ ತಾನಾಗಿಯೇ ಹಿಡಿಯಿತು, ನಡುವೆ ಒಂದು ಕಡೆ ನಿಂತಿತು, ಮತ್ತೆ ಓಡಿತು.

“ಅಲ್ಲಿ ಯಾಕೆ ನಿಲ್ಲಿಸ್ದೆ?” ಎಂದಳು ತಾಯಿ.

“ಎಲ್ಲಿ?”

“ತಾಳದಲ್ಲಿ ಎರಡು ಏಟು ಬಿಟ್ಟೆಯಲ್ಲ, ಅಲ್ಲಿ. ಮನೇಲಿ ನಾನು ಅಲ್ಲಿ ನಿಲ್ಲಿಸೋದೇ ಇಲ್ಲ. ಹೊಸ ಡ್ರಮ್ಮಿನವನು ಏನೋ ಕೈಚಳಕ ತೋರಿಸ್ಬೇಕು ಅಂದ, ಅದಕ್ಕೆ ಬ್ಯಾಂಡಲ್ಲಿ ಅಷ್ಟು ಜಾಗ ಬಿಡೋಕೆ ಶುರು ಮಾಡಿದ್ವಿ. ಅವನು ಬಂದು ಇನ್ನೂ ಎರಡು ತಿಂಗಳು. ಆಮೇಲೆ ನೀನು ಹಾಲ್ ಕಡೆ ಬಂದೇ ಇಲ್ಲ.”

ಮಗಳು ಅಂಗೈಯಿಂದ ತಂತಿಗಳನ್ನು ಅದುಮಿದಳು. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಲು ಮನಸ್ಸಾಗಲಿಲ್ಲ.

“ಎಷ್ಟು ದಿನ ಆಯ್ತು?” ಎಂದಳು ತಾಯಿ.

“ಮೂರು ಮಂಗಳವಾರ.”

“ಹಾಲ್‌ಗೆ ಬಣ್ಣ?”

“ಇಲ್ಲಮ್ಮ.”

ಅಂಗಡಿಯವನಿಗೆ ಒಳಗೆ ಏನೋ ಕೆಲಸ ನೆನಪಾಯಿತು, ಎದ್ದು ಹೋದ. ತಾಯಿ ಎಡಗೈಯನ್ನು ಕಣ್ಣೆದುರು ಹಿಡಿದು ಉಂಗುರದ ಬೆರಳನ್ನು ಮಡಿಸಿದಳು, ಬಿಡಿಸಿದಳು.

“ನೀನು ಬರದಿದ್ರೆ ಹೊರಗಿನವರನ್ನ ಕರೀತೀನಿ ಅಂದ. ಅದಕ್ಕೇ ಒಪ್ಪಿಕೊಂಡೆ,” ಎಂದಳು ಮಗಳು.

“ನಾನು ಕಾರಣ ಕೇಳಿದ್ನಾ?”

ರಸ್ತೆಯಲ್ಲಿ ಎರಡು ಬಸ್ಸು ಹಾದುಹೋದವು. ಆಮೇಲೆ ತಾಯಿ ಒಳಗೆ ಬಂದು, ಕಪ್ಪನ್ನು ಮಗಳ ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಕೆಂಪನ್ನು ಕೂರಿಸಿದಳು.

“ಇದನ್ನ ತಗೋ.”

“ಕಪ್ಪೇ ಚೆನ್ನಾಗಿದೆಯಲ್ಲಮ್ಮ.”

“ಚೆನ್ನಾಗಿದೆ, ಯಾರು ಇಲ್ಲ ಅಂದ್ರು? ಮೊದಲನೇ ದಿನ ಎದೆ ಬಡಿಯೋದೊಂದೇ ಕೇಳಿಸುತ್ತೆ, ಸ್ವರ ಕೇಳಿಸಲ್ಲ. ಗೆರೆ ಹಿಡ್ಕೊಂಡು ಹೋಗು.”

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ವಾದ್ಯದ ಚೀಲ ಮಗಳ ಬೆನ್ನ ಮೇಲಿತ್ತು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತೋಚದೆ ತಾಯಿ ಒಮ್ಮೆ ಕಟ್ಟಿಕೊಂಡಳು, ಒಮ್ಮೆ ಬಿಟ್ಟಳು.

“ಶನಿವಾರ ನೀನು ಮನೇಲೇ ಇರ್ತೀಯಾ?” ಎಂದು ಮಗಳು ಮೆಲ್ಲಗೆ ಕೇಳಿದಳು.

“ಬರ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ,” ಎಂದಳು ತಾಯಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ. “ಇಪ್ಪತ್ತಾರು ವರ್ಷ ಎಲ್ಲರ ಬೆನ್ನು ನೋಡ್ಕೊಂಡು ಹಿಂದೆ ನಿಂತಿದ್ದಾಯ್ತು. ಎದುರಿಂದ ಆ ಬ್ಯಾಂಡು ಹೇಗೆ ಕೇಳಿಸುತ್ತೆ ಅಂತ ನಂಗೆ ಗೊತ್ತೇ ಇಲ್ಲ.”