ಜೇಬಿನ ಮೇಲಿನ ಚೀಟಿ

ಟ್ರೇಸಿ ದಪ್ಪ ಅಕ್ಷರದಲ್ಲಿ ‘ನಾರ್ಬರ್ಟ್’ ಎಂದು ಬರೆದು, ಆ ಅಂಟುಚೀಟಿಯನ್ನು ಮುದುಕನ ಅಂಗಿಯ ಜೇಬಿನ ಮೇಲೆ ಒತ್ತಿದಳು. ಸೇರುವ ಮುನ್ನ ಹಿರಿಯರ ವಸತಿಯನ್ನು ನೋಡಲು ಬಂದವರಿಗೆಲ್ಲ ಹೀಗೊಂದು ಚೀಟಿ, ಕಟ್ಟಡದ ಒಂದು ಸುತ್ತು, ಆಮೇಲೆ ಪುಕ್ಕಟೆ ಊಟ. ಅಮೆರಿಕದ ಫೋರ್ಟ್ ವೇನ್ ಊರಿನಲ್ಲಿ ನಾರ್ಬರ್ಟ್ ನೋಡುತ್ತಿದ್ದ ನಾಲ್ಕನೆಯ ವಸತಿ ಇದು. ಈಜುಕೊಳ ನೋಡಿದ, ಕ್ಷೌರದ ಕೋಣೆ ನೋಡಿದ, ಪ್ರಾರ್ಥನೆಯ ಕೋಣೆ ನೋಡಿದ. ಎಲ್ಲದಕ್ಕೂ ‘ಚೆನ್ನಾಗಿದೆ’ ಎಂದ. ಮೂರು ಕಡೆ ಹಾಗೆ ಹೇಳಿ ಹೇಳಿ ಅಭ್ಯಾಸವಾಗಿತ್ತು.

ಊಟದ ಹಾಲ್‌ನಲ್ಲಿ ಟ್ರೇಸಿ ಆತನನ್ನು ಕಿಟಕಿ ಪಕ್ಕದ ಮೇಜಿಗೆ ಕರೆದೊಯ್ದಳು. ಅಲ್ಲಿ ಕೆಂಪು ಕನ್ನಡಕದ ಮುದುಕಿಯೊಬ್ಬಳು ಕೂತಿದ್ದಳು. “ಇವರು ಮೇವಿಸ್. ಆರು ವರ್ಷದಿಂದ ಇಲ್ಲೇ ಇದ್ದಾರೆ. ಇವತ್ತು ನಿಮಗೆ ಜೊತೆ,” ಎಂದು ಹೇಳಿ ಟ್ರೇಸಿ ಹೊರಟುಹೋದಳು.

ಮೇವಿಸ್ ಚೀಟಿ ಓದಿದಳು. “ಬನ್ನಿ ಬನ್ನಿ ನಾರ್ಬರ್ಟ್. ಎಲ್ಲಿಂದ ಬಂದ್ರಿ?”

“ಇಲ್ಲೇ, ನದಿ ಆಚೆ. ನಲವತ್ತು ವರ್ಷದಿಂದ ಅದೇ ಮನೆ.”

“ಏನ್ ಕೆಲಸ ಮಾಡ್ತಿದ್ರಿ?”

“ಸ್ಕೂಲ್ ಬಸ್ ಓಡಿಸ್ತಿದ್ದೆ.”

“ಅಯ್ಯೋ ದೇವರೇ, ಆದ್ರೂ ನಿಮ್ಮ ಕಿವಿ ಇನ್ನೂ ನೆಟ್ಟಗಿದೆಯಲ್ಲ!”

ನಾರ್ಬರ್ಟ್ ಜೋರಾಗಿ ನಕ್ಕುಬಿಟ್ಟ. ತನ್ನ ನಗು ಕೇಳಿ ತಾನೇ ಬೆಚ್ಚಿದ.

“ಹೆಂಡ್ತಿ?” ಎಂದಳು ಮೇವಿಸ್, ದನಿ ತಗ್ಗಿಸಿ.

“ಹೋಗಿ ಹದಿನಾಲ್ಕು ತಿಂಗಳಾಯ್ತು.”

“ಹೆಸರೇನು ಅವರದ್ದು?”

ಸಮಾಧಿಯ ಮೇಲೆ ಮಣ್ಣು ಹಾಕಿ ಬಂದಮೇಲೆ ಒಬ್ಬರೂ ಇದನ್ನು ಕೇಳಿರಲಿಲ್ಲ. ಚರ್ಚಿನವರು ‘ಹೇಗಿದ್ದೀರಿ?’ ಎನ್ನುತ್ತಿದ್ದರು, ಉತ್ತರ ಬರುವಷ್ಟರಲ್ಲಿ ಕಾರಿನ ಕೀಲಿ ಅವರ ಕೈಗೆ ಬಂದಿರುತ್ತಿತ್ತು. “ಲುಯೆಲ್ಲಾ,” ಎಂದ ನಾರ್ಬರ್ಟ್. ಅಷ್ಟು ಹೇಳಿದ್ದೇ ಮಾತು ನಿಲ್ಲಲೇ ಇಲ್ಲ. ಕೊನೆಗೆ ಸಿಹಿಗೆಂದು ಕೆನೆಯ ಪೈ ಬಂದಾಗ, “ಲುಯೆಲ್ಲಾ ಇದಕ್ಕೆ ಜಾಯಿಕಾಯಿ ತುರಿದು ಹಾಕ್ತಿದ್ಲು, ಕಂಡೂ ಕಾಣದ ಹಾಗೆ,” ಎಂದ. ಮೇವಿಸ್ ಫೋರ್ಕನ್ನು ತಟ್ಟೆಯ ಮೇಲಿಟ್ಟು ಕೇಳಿದಳು.

ಏಳುವಾಗ ಆಕೆ ಆತನ ತೋಳು ಹಿಡಿದಳು. “ಅವಸರ ಮಾಡ್ಬೇಡಿ. ಬೇರೆ ಕಡೆನೂ ನೋಡಿ. ಮತ್ತೆ ಬನ್ನಿ, ಮತ್ತೆ ನೋಡಿ. ಎಷ್ಟು ಸಲ ಬಂದ್ರೂ ಇವರು ಊಟ ಹಾಕ್ತಾರೆ.”

ನಾರ್ಬರ್ಟ್‌ನ ಕಿವಿಗೆ ಬಿದ್ದಿದ್ದು ‘ಮತ್ತೆ ಬನ್ನಿ’ ಎಂಬುದೊಂದೇ. ನೆಟ್ಟಗೆ ಟ್ರೇಸಿಯ ಕೋಣೆಗೆ ಹೋಗಿ ಸೇರುವ ಕಾಗದಕ್ಕೆ ಸಹಿ ಹಾಕಿದ. “ಈಜುಕೊಳ ಇಷ್ಟ ಆಯ್ತಾ?” ಎಂದು ಆಕೆ ಕೇಳಿದಾಗ, ಜನ್ಮದಲ್ಲಿ ನೀರಿಗಿಳಿಯದ ಆಸಾಮಿ “ಹೂಂ” ಎಂದ.

ಮೂರನೇ ಮಹಡಿಯಲ್ಲಿ ಕೋಣೆ ಸಿಕ್ಕಿತು. ಮೊದಲ ದಿನವೇ ಆತ, ಕಿಟಕಿ ಬಿಟ್ಟು ಹಾಲ್‌ನ ನಡುವೆ ಮೇವಿಸ್ ಕೂತಿದ್ದ ಮೇಜಿಗೆ ಹೋಗಿ ಖಾಲಿ ಕುರ್ಚಿಗೆ ಕೈ ಹಾಕಿದ. “ಅದು ನಮ್ಮ ವಿಲ್ಮಾ ಜಾಗ,” ಎಂದಳು ಪಕ್ಕದವಳು. ಊಟದ ಜಾಗಗಳು ಇಲ್ಲಿ ಚರ್ಚಿನ ಬೆಂಚುಗಳಿದ್ದ ಹಾಗೆ. ಯಾರದೆಂದು ಎಲ್ಲೂ ಬರೆದಿರುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮೇವಿಸ್ ತಲೆಯೆತ್ತಿ ನಕ್ಕಳು, ಯಾರಿಗಾದರೂ ನಗುವ ನಗು. ನಾರ್ಬರ್ಟ್‌ಗೆ ಅಡುಗೆಮನೆ ಬಾಗಿಲ ಪಕ್ಕದ ಮೇಜು ಬಂತು. ಅಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬ ಟಿವಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ವಸತಿ ನೋಡಲು ಜನ ಬರುವ ಮಂಗಳವಾರಗಳಂದು ಮಾತ್ರ ಮೇವಿಸ್ ಕಿಟಕಿ ಪಕ್ಕ ಕೂರುತ್ತಿದ್ದಳು, ಎದುರಿಗೆ ಚೀಟಿ ಅಂಟಿಸಿಕೊಂಡ ಹೊಸಬರು. ಒಮ್ಮೆ ಹಾದುಹೋಗುವಾಗ ನಾರ್ಬರ್ಟ್‌ಗೆ ಕೇಳಿಸಿತು. “ಅಂಚೆ ಹಂಚ್ತಿದ್ರಾ? ಅಯ್ಯೋ ದೇವರೇ, ನಾಯಿಗಳು ನಿಮ್ಮ ಕಾಲು ಉಳಿಸಿವೆಯಲ್ಲ!” ಹೊಸಬ ಜೋರಾಗಿ ನಕ್ಕ. ನಾರ್ಬರ್ಟ್‌ಗೆ ಹೊಟ್ಟೆ ಉರಿಯಿತು, ಎಂಬತ್ತೊಂದರ ವಯಸ್ಸಿನಲ್ಲಿ, ಒಂದು ಚೀಟಿಗಾಗಿ. ಬಂದು ಆರು ವಾರವಾಗಿತ್ತು. ಆ ಕಟ್ಟಡದಲ್ಲಿ ಲುಯೆಲ್ಲಾ ಎಂಬ ಹೆಸರನ್ನು ಇನ್ನೊಮ್ಮೆ ಯಾರೂ ಕೇಳಿರಲಿಲ್ಲ.

ಮುಂದಿನ ಮಂಗಳವಾರ ಹಿಮ ಬಿದ್ದು ರಸ್ತೆ ಮುಚ್ಚಿತು. ನೋಡಲು ಯಾರೂ ಬರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಎರಡು ತಟ್ಟೆಗಳ ಮುಂದೆ ಮೇವಿಸ್ ಒಬ್ಬಳೇ ಕೂತಿದ್ದಳು. ಬಾಗಿಲಲ್ಲಿ ನಿಂತು ಅದನ್ನು ನೋಡಿದ ನಾರ್ಬರ್ಟ್ ಊಟಕ್ಕೆ ಕೂರದೆ ಮತ್ತೆ ಲಿಫ್ಟ್ ಹತ್ತಿದ.

ಮೊದಲ ಸಲ ನೋಡಲು ಬಂದ ದಿನದ ಚೀಟಿಯನ್ನು ಆತ ಲುಯೆಲ್ಲಾಳ ಫೋಟೊದ ಹಿಂಬದಿಗೆ ಅಂಟಿಸಿಟ್ಟಿದ್ದ. ಮೆಲ್ಲಗೆ ಬಿಡಿಸಿ ಜೇಬಿನ ಮೇಲಿಟ್ಟು ಒತ್ತಿದ. ಅಂಟು ಸತ್ತಿತ್ತು, ನಿಲ್ಲಲಿಲ್ಲ. ಅಂಗೈಯಿಂದ ಅದುಮಿ ಹಿಡಿದು, ಬಾವುಟಕ್ಕೆ ವಂದಿಸಲು ಎದೆಯ ಮೇಲೆ ಕೈಯಿಟ್ಟು ನಿಂತವನ ಹಾಗೆ ಲಿಫ್ಟಿನಲ್ಲಿ ಕೆಳಗಿಳಿದ. ಕಿಟಕಿಯ ಮೇಜಿನ ಮುಂದೆ ನಿಂತು, ಚೀಟಿಯ ಮೇಲೆ ಎರಡು ಬೆರಳಷ್ಟೇ ಉಳಿಸಿಕೊಂಡು ಕೈ ಸರಿಸಿದ.

ಮೇವಿಸ್ ಕನ್ನಡಕ ಸರಿಮಾಡಿಕೊಂಡು ಚೀಟಿ ಓದಿದಳು. “ಬನ್ನಿ ಬನ್ನಿ ನಾರ್ಬರ್ಟ್. ಎಲ್ಲಿಂದ ಬಂದ್ರಿ?”

“ಮೂರನೇ ಮಹಡಿಯಿಂದ,” ಎಂದ ನಾರ್ಬರ್ಟ್.