ಎಲ್ಸ್‌ಡಾಂಕ್ ಸೆರೆಸಿಕ್ಕ ಚಿತ್ರ

ಬಾಗಿಲಿಗೆ ಹೊರಗಿನಿಂದ ಅಗಳಿ ಬಿತ್ತು. ಅಲೈಡಾ ಕೈಯಲ್ಲಿದ್ದ ಕೆತ್ತನೆಯ ಉಳಿಯನ್ನು ಮೇಜಿನ ಮೇಲಿಟ್ಟಳು.

"ನನ್ನನ್ನೂ ಹಿಡಿದ ಹಾಗಾಯ್ತಲ್ಲ, ದಳಪತಿಗಳೇ."

"ಹಾಗ್ಯಾಕೆ ಅಂದ್ಕೋತೀಯ?" ರಾಂಬೌಟ್ ಒದ್ದೆ ಟೋಪಿಯನ್ನು ಒಲೆಯ ಪಕ್ಕ ಒಣಹಾಕಿದ. ರಾಜಕುಮಾರನ ಕಾವಲು ಪಡೆಯ ದಳಪತಿ ಆತ. "ಈ ಚಿತ್ರ ಬೇರೆ ಅಚ್ಚಿನವರ ಕೈಗೆ ಸಿಗಬಾರದು. ಕೆಲಸ ಮುಗಿಯೋವರೆಗೂ ನೀನು ಹೊರಗೆ ಹೋಗೋ ಹಾಗಿಲ್ಲ, ಯಾರೂ ಒಳಗೆ ಬರೋ ಹಾಗಿಲ್ಲ. ಊಟ ಇಲ್ಲಿಗೇ ಬರುತ್ತೆ."

ಮೇಜಿನ ಮೇಲೆ ಅಚ್ಚೊತ್ತುವ ಹೊಸ ತಾಮ್ರದ ತಗಡು ಹೊಳೆಯುತ್ತಿತ್ತು. ಅದರ ಮೇಲೆ ಕೆತ್ತಬೇಕಾದದ್ದು ಹೋವರ್ಟ್ ವಾನ್ ಎಲ್ಸ್‌ಡಾಂಕ್ ಸೆರೆಸಿಕ್ಕ ದೃಶ್ಯವನ್ನು. ಪ್ರಾಂತ್ಯಗಳ ಸಭೆಯಲ್ಲಿ ರಾಜಕುಮಾರನಿಗೆ ಎದುರು ನಿಂತು ಮಾತಾಡಬಲ್ಲವನಾಗಿದ್ದ ಒಬ್ಬನೇ ಮುತ್ಸದ್ದಿ. ಅವನು ಗಡಿಯ ಕೋಟೆಯನ್ನು ಶತ್ರುಗಳಾದ ಸ್ಪೇನಿನವರಿಗೆ ಮಾರಿದ ದೇಶದ್ರೋಹಿ ಎಂದು ರಾಂಬೌಟ್ ಹೇಳಿದ್ದ.

ಅಪ್ಪ ತೀರಿಕೊಂಡ ವರ್ಷ ಕೆತ್ತನೆಯವರ ಸಂಘ ಹೆಂಗಸಿಗೆ ಪರವಾನಗಿ ಕೊಡುವುದಿಲ್ಲ ಎಂದಾಗ, ತಾನಾಗಿ ಬಂದು ಅವಳ ಪರ ವಾದಿಸಿದವನು ಅದೇ ಎಲ್ಸ್‌ಡಾಂಕ್. ಆಮೇಲೆ ತನ್ನ ಭಾವಚಿತ್ರವನ್ನೂ ಅವಳ ಕೈಯಲ್ಲೇ ಕೆತ್ತಿಸಿಕೊಂಡಿದ್ದ. ಆ ಮುಖ ಅವಳಿಗೆ ಬಾಯಿಪಾಠ. ರಾಂಬೌಟ್ ಅವಳನ್ನೇ ಹುಡುಕಿಕೊಂಡು ಬಂದದ್ದೂ ಅದಕ್ಕೇ.

"ಎಲ್ಲಿ ಹಿಡಿದಿದ್ದು?" ಅವಳು ಕೇಳಿದಳು.

"ಕೋಟೆಯ ಒಳಂಗಳ. ದೊಡ್ಡ ಮೆಟ್ಟಿಲಿನ ಬುಡ. ಅವನ ಹೆಗಲ ಮೇಲೆ ನನ್ನ ಕೈ."

"ಬಲಗೈಯಾ, ಎಡಗೈಯಾ?"

ರಾಂಬೌಟ್ ಎದ್ದು ನಿಂತು ಗಾಳಿಯಲ್ಲಿ ಮೊದಲು ಒಂದು ಕೈ ಚಾಚಿದ, ಆಮೇಲೆ ಇನ್ನೊಂದು. "ಬಲಗೈ. ಅದೇ ಚೆನ್ನಾಗಿರುತ್ತೆ."

"ಮಳೆ ಇತ್ತಾ?"

"ಮಳೆ ಬೇಡ. ಬಿಸಿಲಿರಲಿ."

"ಅವರು ಏನಾದ್ರೂ ಅಂದ್ರಾ?"

"ಅದಕ್ಕೆ ಕೆಳಗೆ ಜಾಗ ಬಿಡು. ಆಮೇಲೆ ತುಂಬಿಸೋಣ."

ಅವಳು ಬಗ್ಗಿ ಕೆಲಸಕ್ಕೆ ಕೂತಳು. ಮೆಟ್ಟಿಲು, ಕಂಬ, ಈಟಿ ಹಿಡಿದ ಸೈನಿಕರು ಬೇಗ ಮೂಡಿಬಂದರು. ಎಲ್ಸ್‌ಡಾಂಕ್‌ನನ್ನು ಮಾತ್ರ ಅವಳು ನಿಧಾನವಾಗಿ ಕೆತ್ತಿದಳು. ತಲೆಯೆತ್ತಿ ನಿಂತ ಮುದುಕ, ಹಿಡಿದವನನ್ನೇ ನೇರವಾಗಿ ನೋಡುತ್ತಿರುವ ಕಣ್ಣು. ಮಾರನೆಯ ದಿನ ಅದನ್ನು ಕಂಡದ್ದೇ ರಾಂಬೌಟ್‌ನ ಮುಖ ಗಂಟಿಕ್ಕಿತು.

"ಇದನ್ನ ನೋಡಿದ್ರೆ ಅವನೇ ನನ್ನನ್ನ ಹಿಡಿದ ಹಾಗಿದೆ. ಕೆರೆದು ಹಾಕು."

"ಅವರು ಹೆದರಿದ್ರಾ?"

"ಹೆದರಿರಬೇಕು."

"ಮೊಣಕಾಲೂರಿದ್ರಾ?"

"ಊರಿರಬೇಕು. ಕೈ ಮುಗಿದಿರಬೇಕು." ಅವನು ಅವಳ ಹತ್ತಿರ ಬಗ್ಗಿದ. "ನೀನು ಉಳಿ ಹಿಡಿಯೋದು ಬಲಗೈಲಿ ಅಲ್ವಾ, ಅಲೈಡಾ? ಒಳ್ಳೆ ಕೈ. ಜೋಪಾನವಾಗಿ ಇಟ್ಕೋ."

ಅವಳು ಕೆರೆದಳು. ತಾಮ್ರದ ಪುಡಿಯ ಜೊತೆ ಆ ನೆಟ್ಟ ನೋಟವೂ ಹೋಯಿತು. ಅದೇ ಜಾಗದಲ್ಲಿ ಬಾಯಿ ತೆರೆದು ಅಂಗಲಾಚುವ ಒಬ್ಬ ಹೇಡಿ ಮೊಣಕಾಲೂರಿದ. ಕಳಿಸಿದ್ದ ಹೆರ್ರಿಂಗ್ ಮೀನು ಮುಟ್ಟದೆ ಹಾಗೇ ತಣ್ಣಗಾಯಿತು.

ಸಂಜೆ ರಾಂಬೌಟ್ ತಗಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. "ನಾಳೆ ಮಧ್ಯಾಹ್ನದ ಹೊತ್ತಿಗೆ ಅಚ್ಚಾಗಿ ಊರಿಗೆಲ್ಲ ಹಂಚಿರುತ್ತೆ. ಅಲ್ಲೀವರೆಗೆ ಮನೆ ಬಿಟ್ಟು ಕದಲಬೇಡ." ಮುಂಬಾಗಿಲಲ್ಲಿ ಒಬ್ಬ ಕಾವಲಿನವನನ್ನು ಬಿಟ್ಟು ಹೊರಟುಹೋದ.

ಅಲೈಡಾಳಿಗೆ ಕೂರಲಾಗಲಿಲ್ಲ. ಎಲ್ಸ್‌ಡಾಂಕ್‌ನ ಹೆಂಡತಿ ಮಕ್ತೆಲ್ಡ್ ಆ ಚಿತ್ರವನ್ನು ಸಂತೆಯಲ್ಲಿ ನೋಡುವ ಮೊದಲು ಅದರ ವಿಷಯ ತನ್ನ ಬಾಯಿಂದಲೇ ಕೇಳಲಿ ಅನ್ನಿಸಿತು. ಹಿತ್ತಲಿನ ಮೆಟ್ಟಿಲಿಳಿದು, ನೆರೆಯವರ ದೋಣಿಯಲ್ಲಿ ಕಾಲುವೆ ದಾಟಿದಳು. ಬೀದಿಯಲ್ಲಿ ಗುಂಪಿಲ್ಲ, ಗುಸುಗುಸು ಇಲ್ಲ. ಜನ ಇಷ್ಟೊಂದು ಹೆದರಿದ್ದಾರಾ ಅಂದುಕೊಂಡಳು. ಎಲ್ಸ್‌ಡಾಂಕ್‌ನ ಮನೆಯ ಮುಂದೆ ಕಾವಲೂ ಇರಲಿಲ್ಲ. ಸೈನಿಕರು ದೋಚುವುದನ್ನೆಲ್ಲ ದೋಚಿಕೊಂಡು ಹೋಗಿರಬೇಕು.

ಬಾಗಿಲು ತಟ್ಟಿದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದಳು. ಅಮ್ಮಾ, ಅವರು ಹಾಗೆ ಮೊಣಕಾಲೂರಿರಲಾರರು. ನನ್ನ ಕೈ ಸುಳ್ಳು ಹೇಳಿದೆ. ಕ್ಷಮಿಸಿ.

ಬಾಗಿಲು ತೆರೆಯಿತು. ಕೊರಳಿಗೆ ಊಟದ ಬಟ್ಟೆ ಕಟ್ಟಿಕೊಂಡು, ಗಡ್ಡಕ್ಕೆ ಅಂಟಿದ ಮಜ್ಜಿಗೆ ಗಂಜಿಯನ್ನು ಒರೆಸಿಕೊಳ್ಳುತ್ತ ನಿಂತಿದ್ದವನು ಹೋವರ್ಟ್ ವಾನ್ ಎಲ್ಸ್‌ಡಾಂಕ್.

"ಏನಮ್ಮ ಅಲೈಡಾ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ? ಬಾ, ಬಾ, ಊಟಕ್ಕೆ ಕೂತ್ಕೋ. ನಾನು ಬೇಗ ಮಲಗಬೇಕು. ಬೆಳಿಗ್ಗೆ ಕೋಟೆಯಲ್ಲಿ ರಾಜಕುಮಾರರ ಜೊತೆ ಮಾತುಕತೆ. ಅಂತೂ ರಾಜಿಗೆ ಕರೆದಿದ್ದಾರೆ."

ಅಲೈಡಾ ಒಳಗೆ ಬಂದು, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಹೋಗಬೇಡಿ, ಯಜಮಾನ್ರೇ. ನಾಳೆ ಬೆಳಿಗ್ಗೆ ನಿಮ್ಮನ್ನ ಹಿಡಿದಾಗಿದೆ."