ಬಾನೆಟ್ ಮೇಲಿನ ಲೋಟ

ಹೊಸ ರಬ್ಬರಿನ ವಾಸನೆ ಬಡಿದರೆ ಈಗಲೂ ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟುಬಿಡುತ್ತೇನೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಧಾರವಾಡದಿಂದ ಬಂದ ಅಪ್ಪನದು ಮಾಟುಂಗದಲ್ಲೊಂದು ಗ್ಯಾರೇಜು. ಬಾನೆಟ್ ಮೇಲೆ ಅಂಗೈ ಇಟ್ಟರೆ ಸಾಕು, ಎಂಜಿನ್ನಿನ ರೋಗ ಹೇಳುತ್ತಿದ್ದ. ಆ ಮಧ್ಯಾಹ್ನ ನಾನು ಊಟದ ಡಬ್ಬಿ ಒಯ್ದಾಗ, ಅಪ್ಪ ಮತ್ತು ಕಾಕಾ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿಗೆ ಹೊಸ ಮೌಂಟಿಂಗ್ ರಬ್ಬರ್ ಕೂರಿಸಿದ್ದರು. ಎಂಜಿನ್ನಿನ ನಡುಕ ಕಾರಿಗೆ ತಾಗದಂತೆ ತಡೆಯುವ, ಬೆಲ್ಲದಚ್ಚಿನಂಥ ರಬ್ಬರ್ ಅದು. ಹಳೆಯದು ಸವೆದು ಬಿರುಕುಬಿಟ್ಟು ಪಕ್ಕದಲ್ಲೇ ಬಿದ್ದಿತ್ತು. ಕಾಕಾ ಎಂಜಿನ್ ಚಾಲೂ ಮಾಡಿದ. ಅಪ್ಪ ಅಂಗೈ ಇಟ್ಟ.

"ಇನ್ನೂ ನಡುಗಾಕತ್ತೈತಿ. ಬಿಚ್ಚು."

"ಅಣ್ಣಾ, ಎರಡು ಸಲ ಬಿಚ್ಚಿ ಹಾಕೇವಿ!"

"ನನ್ನ ಕೈ ಸುಳ್ಳ ಹೇಳತೈತೇನು?"

ಕಾಕಾ ಹಿತ್ತಾಳೆಯ ಲೋಟದ ತುಂಬ ನೀರು ಸುರಿದು ಬಾನೆಟ್ ಮೇಲಿಟ್ಟ. ಎಂಜಿನ್ ಓಡುತ್ತಲೇ ಇತ್ತು. ಒಂದು ಹನಿಯೂ ತುಳುಕಲಿಲ್ಲ.

ಅಪ್ಪ ಲೋಟ ಎತ್ತಿಕೊಂಡ. ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ನೀರು ಅಂಗಿಯ ಮೇಲಿತ್ತು. ಕಾಕಾ ಥಟ್ಟನೆ ಎಂಜಿನ್ ಬಂದ್ ಮಾಡಿದ. ಆ ನಿಶ್ಶಬ್ದದಲ್ಲಿ ಅಪ್ಪನ ಬೆಳ್ಳಿಯ ಉಂಗುರ ಲೋಟಕ್ಕೆ ಟಕಟಕ ಬಡಿಯುವುದು ಕೇಳಿಸಿತು.